ಒಂಟಿ ಚಪ್ಪಲಿಯ ಕಳ್ಳ

ಬೀಗ ಹಾಕಿದ ಮನೆಗೆ ಹೊರಗಿನ ಕಳ್ಳ ನುಗ್ಗಿದರೆ ಠಾಣೆಗೆ ಹೋಗಿ ದೂರು ಕೊಡಬಹುದು. ಮನೆಯದೇ ಅನ್ನ ಉಂಡು, ಮನೆಯೊಳಗೇ ಮಲಗಿ, ನಾವು ಹೊರಗೆ ಕಾಲಿಟ್ಟ ಕೂಡಲೇ ಕೆಲಸ ಶುರುಮಾಡುವ ಕಳ್ಳನ ಮೇಲೆ ಯಾರಿಗೆ ದೂರು ಕೊಡೋಣ?

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಾಯಿ ಸಾಕಿದ ಯಾವ ಮನೆಯವರನ್ನಾದರೂ ವಿಚಾರಿಸಿ ನೋಡಿ. ಕಳುವಾದ ಮಾಲಿನ ಪಟ್ಟಿ ಹೆಚ್ಚುಕಡಿಮೆ ಒಂದೇ. ಎಡಗಾಲಿನ ಹವಾಯಿ ಚಪ್ಪಲಿ, ಮಗನ ಕಾಲುಚೀಲ, ಯಜಮಾನರ ಬನಿಯನ್ನು, ಅಜ್ಜಿಯ ದಿಂಬಿನ ಗವಸು, ಟೀವಿಯ ರಿಮೋಟು. ಒಗೆದು ಮಡಿಸಿಟ್ಟ ಬಟ್ಟೆ ಈ ಪಟ್ಟಿಯಲ್ಲಿ ಸಿಗುವುದು ಅಪರೂಪ. ಬೀರುವಿನ ರೇಷ್ಮೆ ಸೀರೆಯ ಗೊಡವೆ ನಾಯಿಗೆ ಬೇಕಿಲ್ಲ. ಅದು ಆರಿಸುವುದು ನಮ್ಮ ಬೆವರು ಹತ್ತಿದ ವಸ್ತುವನ್ನು. ರಿಮೋಟು ಪಟ್ಟಿಗೆ ಸೇರಿದ್ದು ಹೇಗೆಂದು ಕೇಳುವಿರಾ? ಮನೆಮಂದಿಯೆಲ್ಲ ದಿನವಿಡೀ ಕೈಯಲ್ಲಿ ಹಿಡಿಯುವ ವಸ್ತು ಅದಕ್ಕಿಂತ ಬೇರೆ ಯಾವುದಿದೆ!

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು 12 ನಾಯಿಗಳನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಅಲುಗಾಡದೆ ಮಲಗಲು ಪಳಗಿಸಿ, ಬಗೆಬಗೆಯ ವಾಸನೆಗಳನ್ನು ಮೂಸಲು ಕೊಟ್ಟರು. ಅದರ ವರದಿ 2015ರಲ್ಲಿ ಪ್ರಕಟವಾಯಿತು. ಪರಿಚಿತ ನಾಯಿಯ ವಾಸನೆಗಿಂತಲೂ ಪರಿಚಿತ ಮನುಷ್ಯನ ವಾಸನೆಗೆ, ಮಿದುಳಿನಲ್ಲಿ ಸಂತೋಷದ ನಿರೀಕ್ಷೆಗೆ ಸಂಬಂಧಿಸಿದ ಭಾಗ ಹೆಚ್ಚು ಚುರುಕಾಯಿತಂತೆ. ಆ ಮನುಷ್ಯ ಎದುರಿಗೆ ಇರಲೇ ಇಲ್ಲ, ಅವನ ವಾಸನೆ ಮಾತ್ರ ಇತ್ತು ಎಂಬುದನ್ನು ಮರೆಯಬೇಡಿ.

ಎಲ್ಲ ಕಳ್ಳತನಕ್ಕೂ ಪ್ರೀತಿಯೇ ಕಾರಣವೆನ್ನಲಾಗದು. ನಾಲ್ಕರಿಂದ ಆರು ತಿಂಗಳ ಮರಿಗೆ ಹಲ್ಲು ಬದಲಾಗುವಾಗ ವಸಡು ಕಡಿಯುತ್ತದೆ, ಸಿಕ್ಕಿದ್ದನ್ನು ಅಗಿಯುತ್ತದೆ. ದಿನವೆಲ್ಲ ಒಂಟಿಯಾಗಿರುವ ನಾಯಿಗೆ ಬೇಸರ. ಅಗಲಿಕೆಯನ್ನೇ ತಾಳದ ನಾಯಿಯದು ಇನ್ನೊಂದು ಬಗೆ. ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ, ಕಂಡಲ್ಲಿ ಉಚ್ಚೆ ಹೊಯ್ಯುತ್ತದೆ.

ಭದ್ರಾವತಿ ಪಾಳಿಯ ಊರು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಜೋರಾಗಿ ನಡೆದಷ್ಟು ಕಾಲ ಯಜಮಾನ ಹೋಗುವ ಹೊತ್ತು, ಬರುವ ಹೊತ್ತು ಮನೆಯ ನಾಯಿಗೂ ಗೊತ್ತಿರುತ್ತಿತ್ತು. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಕಳೆದಿವೆ. ಕೆಲಸಕ್ಕೆಂದು ದಿನಾ ಶಿವಮೊಗ್ಗದ ಬಸ್ಸು ಹಿಡಿಯುವವರಿದ್ದಾರೆ, ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂದುಹೋಗುವವರಿದ್ದಾರೆ. ಆ ಲೆಕ್ಕ ನಾಯಿಗೆ ತಿಳಿಯುವುದು ಹೇಗೆ? ಒಂದು ಚಪ್ಪಲಿಯನ್ನು ಎಳೆದುಕೊಂಡು ಹೋಗಿ, ಅದರ ಮೇಲೆ ಮೂತಿಯಿಟ್ಟು ಕಾಯುತ್ತದೆ.

ಸಂಜೆ ಬಂದವರು ಮಾಡುವುದೇನು? ಹರಿದ ಚಪ್ಪಲಿಯನ್ನು ನಾಯಿಯ ಮುಖಕ್ಕೆ ಹಿಡಿದು, ಅದರಿಂದಲೇ ನಾಲ್ಕು ಬಾರಿಸುವುದು. ನಾಯಿ ಕಿವಿ ಮಡಿಸಿ, ಬಾಲ ಮುದುರಿ, ಮುಖ ತಿರುಗಿಸುತ್ತದೆ. 'ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು' ಎನ್ನುತ್ತೇವೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನೇ ಪರೀಕ್ಷೆಗೊಡ್ಡಿತು. 14 ನಾಯಿಗಳಲ್ಲಿ, ಬೇಡವೆಂದ ತಿಂಡಿಯನ್ನು ತಿಂದದ್ದಕ್ಕೂ ಆ ಸಪ್ಪೆ ಮೋರೆಗೂ ಸಂಬಂಧ ಕಾಣಲಿಲ್ಲ. ಒಡೆಯರು ಗದರಿದಾಗಲೆಲ್ಲ ಆ ಮೋರೆ ಬಂತು. ತಿಂಡಿ ಮುಟ್ಟದೆಯೂ ಬೈಸಿಕೊಂಡ ನಾಯಿಯಲ್ಲಿ ಇನ್ನೂ ಹೆಚ್ಚಾಗಿ ಬಂತು. ನಾವು ತಪ್ಪೊಪ್ಪಿಗೆ ಎಂದುಕೊಂಡದ್ದು ಬರೀ ಹೆದರಿಕೆ. ಬೆಳಿಗ್ಗೆ ಕಚ್ಚಿದ ಚಪ್ಪಲಿಗೂ ಸಂಜೆಯ ಏಟಿಗೂ ನಾಯಿ ಗಂಟು ಹಾಕದು. ಅದು ಕಲಿಯುವ ಪಾಠ ಒಂದೇ: ಮನೆಯವರು ಬಂದರೆ ಹೊಡೆತ ಬೀಳುತ್ತದೆ. ಆಮೇಲೆ ಕಾಯುವುದೂ ಅದಕ್ಕೆ ಶಿಕ್ಷೆಯೇ.

ಹಾಗಾದರೆ ಉಪಾಯ? ಚಪ್ಪಲಿಗೆ ಬಾಗಿಲಿರುವ ಗೂಡು ಮಾಡಿಸಿ. ಹೊರಡುವ ಮೊದಲು ಹೊಳೆಯ ಕಡೆಗೆ ಒಂದು ಸುತ್ತು ಕರೆದೊಯ್ಯಿರಿ. ನುಂಗಲಾಗದಷ್ಟು ದೊಡ್ಡದಾದ ಗಟ್ಟಿ ರಬ್ಬರಿನ ಆಟಿಕೆ ಕೊಡಿ. ಅರಿವೆ ನುಂಗುವ ಚಾಳಿ ಇಲ್ಲದ ನಾಯಿಯಾದರೆ, ನೀವು ಉಟ್ಟು ಬಿಟ್ಟ ಹಳೆಯ ಅಂಗಿಯೊಂದನ್ನು ಅದರ ಹಾಸಿಗೆಗೆ ಹಾಕಿ. ಕದ್ದು ಓಡುವಾಗ ಅಟ್ಟಿಸಿಕೊಂಡು ಹೋಗಬೇಡಿ, ಅದಕ್ಕದು ಆಟ. ತಿಂಡಿ ತೋರಿಸಿ, ವಸ್ತು ಬಿಡಿಸಿಕೊಳ್ಳಿ. ಕಾಲುಚೀಲ, ಮಾವಿನ ಗೊರಟು, ದಾರ ಪೋಣಿಸಿದ ಸೂಜಿ ಎಟಕದಂತಿರಲಿ. ಅವು ಹೊಟ್ಟೆಗೆ ಹೋದರೆ ಕರುಳು ಕಟ್ಟಬಹುದು, ಪ್ರಾಣಕ್ಕೇ ಸಂಚಕಾರ. ಮೇಲಿಂದ ಮೇಲೆ ವಾಂತಿ ಮಾಡಿ ಅನ್ನ ಬಿಟ್ಟಿತೋ, ಮನೆಮದ್ದು ಬೇಡ, ಪಶು ಆಸ್ಪತ್ರೆಗೆ ನಡೆಯಿರಿ.

ಇಷ್ಟು ವ್ಯವಧಾನವಿಲ್ಲದೆ, 'ಪೀಡೆ ತೊಲಗಲಿ' ಎಂದು ದೂರದ ರಸ್ತೆಯಲ್ಲಿ ಬಿಟ್ಟುಬರುವವರೂ ಇದ್ದಾರೆ. ಹಸಿದು ಬಾಯಾರಿ ನರಳುವಂತೆ ಸಾಕುಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಕಾಯ್ದೆಗಿಂತ ಹಳೆಯ ಮಾತೊಂದು ನಮ್ಮ ನಾಡಿನ ಕಲ್ಲಿನಲ್ಲೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ, ಯುದ್ಧದಲ್ಲಿ ಮೆರೆದ ಮಣಲೇರ ಬೇಡಿದ್ದು ಊರನ್ನಲ್ಲ, 'ಕಾಳಿ' ಎಂಬ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಅದು ಸತ್ತಾಗ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು.

ಬದುಕಿದ್ದಾಗ ಕಾಳಿ ಎಷ್ಟು ಪಾದರಕ್ಷೆ ಕದ್ದಿತ್ತೋ, ಶಾಸನ ಹೇಳುವುದಿಲ್ಲ.