ಸದಾರಮೆಯ ಪಾರ್ಟು ಯಾರಿಗೆ?

ಹಳೆಯ ಕಂಪನಿ ನಾಟಕವೊಂದನ್ನು ಮತ್ತೆ ರಂಗಕ್ಕೆ ತರುವ ಮಾತು ಎದ್ದರೆ ಸಾಕು, ಮುಖ್ಯ ಪಾರ್ಟು ಯಾರಿಗೆ ಎಂಬ ವಾದ ತಾಲೀಮಿಗಿಂತ ಮೊದಲೇ ಶುರುವಾಗುತ್ತದೆ. ಈ ಸಂಚಿಕೆಯ ರಂಗಗೀತೆಯ ಪುಟಗಳನ್ನು ಹೊಂದಿಸಲು ಕೂತಾಗ ನಮ್ಮ ಬಳಗದಲ್ಲೂ ಅದೇ ಆಯಿತು. ಇವತ್ತು ‘ಸದಾರಮೆ’ ಆಡುವುದಾದರೆ ಸದಾರಮೆ ಯಾರು, ಕಳ್ಳ ಯಾರು ಎಂದು ಒಬ್ಬರು ಕೇಳಿದ್ದೇ ತಡ, ಕೆಲಸ ಅಲ್ಲಿಗೇ ನಿಂತಿತು. ಕಿರುತೆರೆಯ ಹೆಸರಾಂತ ಮುಖವಿದ್ದರೆ ಟಿಕೆಟ್ಟು ಹೋಗುತ್ತದೆ ಎಂದರು ಒಬ್ಬರು. ಕಛೇರಿ ಮಾಡುವ ಗಾಯಕಿಯೇ ಬೇಕು ಎಂದರು ಇನ್ನೊಬ್ಬರು. ಕಂಪನಿ ಮನೆತನದಲ್ಲಿ ಹುಟ್ಟಿ ಬೆಳೆದವರಿಗಲ್ಲದೆ ಆ ಬನಿ ಒಲಿಯುವುದಿಲ್ಲ ಎಂದು ಮೂರನೆಯವರ ಹಟ. ಮೂವರೂ ನಾಟಕವನ್ನು ಪ್ರೀತಿಸುವವರೇ. ಅವರ ಮಾತು ಕೇಳುತ್ತ ನನಗೆ ಅನಿಸಿದ್ದನ್ನು ಇಲ್ಲಿ ಬರೆಯುತ್ತೇನೆ: ಹಾಡು ಎಲ್ಲಿ ಮುಗಿಯಿತು, ಮಾತು ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ರಂಗದ ಮೇಲೆ ನಿಂತು ತಾನೇ ಹಾಡಬಲ್ಲವರಿಗೆ ಆ ಪಾರ್ಟು ಸಲ್ಲಬೇಕು. ಚೆಲುವು, ಹೆಸರು, ವಂಶ ಎಲ್ಲ ಆಮೇಲಿನವು.

ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ ಗುಬ್ಬಿ ಕಂಪನಿಗೆ ಊರೂರಲ್ಲಿ ಜನ ತುಂಬಿಸಿಕೊಟ್ಟ ನಾಟಕ. ರಾಜಕುಮಾರ ಜಯವೀರ ಸದಾರಮೆಯನ್ನು ಮೆಚ್ಚುತ್ತಾನೆ. ಜಿಪುಣ ಆದಿಮೂರ್ತಿಯ ಆಸೆಗೆ ರಾಜ್ಯವನ್ನೇ ತೆರಬೇಕಾಗಿ ಬರುತ್ತದೆ. ಆಮೇಲೆ ಅಲೆದಾಟ, ಅಗಲಿಕೆ, ಕಳ್ಳನ ಕಾಟ. ಸದಾರಮೆ ಗಂಡುವೇಷ ತೊಟ್ಟು ಪಾರಾಗುತ್ತಾಳೆ. ಓದಿದರೆ ಕಥೆ ತೆಳುವಾಗಿಯೇ ಕಾಣುತ್ತದೆ. ಅದನ್ನು ಎತ್ತಿ ನಿಲ್ಲಿಸಿದ್ದು ಹಾಡು ಮತ್ತು ಹಾಸ್ಯ. ‘ಸದಾರಮೆ’ ಎಂದರೆ ಕಳ್ಳನ ಪಾತ್ರ ಮಾಡುತ್ತಿದ್ದ ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರು ಎಂದೇ ತಲೆಮಾರುಗಳ ಪ್ರೇಕ್ಷಕರು ನೆನೆಯುತ್ತಿದ್ದರು. 1935ರಲ್ಲಿ ಅದು ಸಿನಿಮಾ ಕೂಡ ಆಯಿತು.

ನಮ್ಮ ವೃತ್ತಿರಂಗಭೂಮಿಯಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದ ಕಾಲ ಬಹಳ ವರ್ಷ ನಡೆಯಿತು. ಆಗ ಇಂಥ ನಾಟಕದ ನಾಯಕಿ ಎಂದರೆ ಹೆಣ್ಣಾದ ಗಂಡು ಮತ್ತೆ ಗಂಡಾಗುವ ಆಟ. ಜನ ಅದನ್ನು ಮನಸಾರೆ ಒಪ್ಪಿದ್ದರು. ಮುಂದೆ ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮನವರಂಥ ಕಲಾವಿದೆಯರು ಬಂದಾಗ ಅವರನ್ನೂ ಅಷ್ಟೇ ಪ್ರೀತಿಯಿಂದ ಒಪ್ಪಿದರು. ಉತ್ತರ ಕರ್ನಾಟಕದ ಏಣಗಿ ಬಾಳಪ್ಪನವರು ಹರೆಯದಲ್ಲಿ ಸ್ತ್ರೀಪಾತ್ರಗಳಿಗೆ ಹೆಸರಾಗಿ, ಆಮೇಲೆ ಬಸವಣ್ಣನ ಪಾತ್ರದಲ್ಲಿ ಮನೆಮಾತಾದರು. ಪಾತ್ರಕ್ಕೆ ಸರಿಯಾದ ಮೈ ಯಾವುದು, ಮುಖ ಯಾವುದು ಎನ್ನುವುದು ಹೀಗೆ ಹತ್ತು ಇಪ್ಪತ್ತು ವರ್ಷಕ್ಕೊಮ್ಮೆ ಬದಲಾಗುತ್ತ ಬಂದಿದೆ. ಬದಲಾಗದೆ ಉಳಿದದ್ದು ಒಂದೇ: ಆ ಪಾರ್ಟು ಮಾಡುವವರು ಹಾಡಲೇಬೇಕಿತ್ತು.

ವಂಶದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ವೀರಣ್ಣನವರ ಮಗಳು ಜಿ.ವಿ. ಮಾಲತಮ್ಮ ರಂಗನಟಿ, ಅವರ ಮಗಳು ಬಿ. ಜಯಶ್ರೀ. ‘ಸ್ಪಂದನ’ ತಂಡದಿಂದ ಜಯಶ್ರೀಯವರು ‘ಸದಾರಮೆ’ಗೆ ಮರುಜೀವ ಕೊಟ್ಟಾಗ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ತಾತನ ಪಾತ್ರ ಮೊಮ್ಮಗಳಿಗೆ ಬಂತು ಎಂದು ಇದನ್ನು ಮನೆತನದ ಕಥೆಯಾಗಿ ಹೇಳುವವರೇ ಹೆಚ್ಚು. ಅದರೊಳಗಿನ ಧೈರ್ಯ ನನಗೆ ಹೆಚ್ಚು ಹಿಡಿಸುತ್ತದೆ. ಮೊಮ್ಮಗಳು ಎಂಬ ಕಾರಣಕ್ಕೆ ಅವರಿಗೆ ಸಲೀಸಾಗಿ ಸಿಗಬಹುದಾಗಿದ್ದದ್ದು ನಾಯಕಿಯ ಸ್ಥಾನ. ಅದನ್ನು ಬಿಟ್ಟು, ಇಡೀ ನಾಡು ಒಬ್ಬ ಗಂಡಸಿನ ಹೆಸರಲ್ಲೇ ನೆನಪಿಟ್ಟಿದ್ದ ನಾಟಕದಲ್ಲಿ ಆ ಕಳ್ಳನ ಪಾತ್ರಕ್ಕೆ ತಮ್ಮ ದನಿ, ತಮ್ಮ ತುಂಟತನ ತಂದರು. ಅವರು ತಾತನನ್ನು ಅನುಕರಿಸಲು ಹೋಗಿದ್ದರೆ ಅದು ವೀರಣ್ಣನವರ ನೆನಪಿನ ಕಾರ್ಯಕ್ರಮವಾಗಿ ಮುಗಿಯುತ್ತಿತ್ತು. ಅವರು ಗೆದ್ದದ್ದು ಹಾಡಿ, ನಕ್ಕು ನಗಿಸುವ ಕಸುಬು ಬಲ್ಲವರಾದ್ದರಿಂದ.

ಮರಾಠಿಯವರ ಅನುಭವವೂ ಇದಕ್ಕೆ ಹತ್ತಿರದ್ದು. (ಅಲ್ಲಿಯ ಸಂಗೀತ ನಾಟಕದ ಮೂಲಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಎರಡೂ ರಂಗಭೂಮಿಗಳ ನಡುವಿನ ಗೋಡೆ ಎಂದೂ ಗಟ್ಟಿಯಾಗಿರಲಿಲ್ಲ.) 1967ರಲ್ಲಿ ಬಂದ ‘ಕಟ್ಯಾರ್ ಕಾಳಜಾತ್ ಘುಸಲಿ’ ನಾಟಕದ ಖಾನ್‌ಸಾಹೇಬನ ಪಾತ್ರವನ್ನು ವಸಂತರಾವ್ ದೇಶಪಾಂಡೆಯವರು ತಮ್ಮ ಗಾಯನದಿಂದ ಬೇರೆ ಯಾರೂ ಮುಟ್ಟಲು ಹೆದರುವಷ್ಟು ಎತ್ತರಕ್ಕೆ ಒಯ್ದಿದ್ದರು. 2010ರಲ್ಲಿ ಅವರ ಮೊಮ್ಮಗ ರಾಹುಲ್ ದೇಶಪಾಂಡೆ ಅದನ್ನು ಮತ್ತೆ ಎತ್ತಿಕೊಂಡರು. ತಾತನ ನೆರಳಿತ್ತು, ನಿಜ. ಆದರೆ ಅವರು ಸ್ವತಃ ಗಾಯಕರು; ಪ್ರತಿ ಪ್ರದರ್ಶನದಲ್ಲೂ ಆ ರಾಗಗಳನ್ನು ಜನರೆದುರು ಹಾಡಬೇಕಿತ್ತು, ಹಾಡಿದರು. ಅದೇ ಕಥೆ 2015ರಲ್ಲಿ ಸಿನಿಮಾ ಆದಾಗ ಖಾನ್‌ಸಾಹೇಬನಾಗಿ ಕಂಡದ್ದು ಸಚಿನ್ ಪಿಳಗಾಂವಕರ್, ಕೇಳಿಸಿದ ಕಂಠ ರಾಹುಲ್ ಅವರದು. ತೆರೆಯ ಮೇಲೆ ಅದು ಒಗ್ಗಿತು. ಸಿನಿಮಾದಲ್ಲಿ ಮುಖ ಒಬ್ಬರದು, ಕಂಠ ಒಬ್ಬರದು ಆಗಬಹುದು. ನಮ್ಮ ರಾಜಕುಮಾರ್ ಅವರೇ ಗುಬ್ಬಿ ಕಂಪನಿಯಲ್ಲಿ ಹಾಡುತ್ತಿದ್ದವರು, ಸಿನಿಮಾಕ್ಕೆ ಬಂದ ಮೇಲೆ ವರ್ಷಗಟ್ಟಲೆ ಹೆಚ್ಚಾಗಿ ಬೇರೆಯವರ ದನಿಗೆ ತುಟಿ ಕೂಡಿಸಿದರು. 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲಷ್ಟೇ ಆ ಕಂಠ ನಾಡಿಗೆಲ್ಲ ತಿಳಿದದ್ದು. ರಂಗದ ಮೇಲೆ ಈ ಅನುಕೂಲ ಇಲ್ಲ, ಇರಬಾರದು ಕೂಡ.

ಒಬ್ಬರ ದನಿ ಒಂದು ಪಾತ್ರದ ಮೇಲೆ ಎಷ್ಟು ಕಾಲ ಕೂತಿರಬಲ್ಲದು ಎನ್ನುವುದಕ್ಕೆ ನ್ಯೂಯಾರ್ಕಿನ ಬ್ರಾಡ್‌ವೇ ಸಾಕ್ಷಿ. ‘ಫನ್ನಿ ಗರ್ಲ್’ ಅಲ್ಲಿ 1964ರಲ್ಲಿ ಬಾರ್ಬ್ರಾ ಸ್ಟ್ರೈಸಾಂಡ್ ಅವರನ್ನು ನಾಯಕಿಯಾಗಿಟ್ಟುಕೊಂಡು ಬಂತು. ಬ್ರಾಡ್‌ವೇಯಲ್ಲಿ ಅದನ್ನು ಮತ್ತೆ ಕಟ್ಟಲು 2022 ಆಗಬೇಕಾಯಿತು, 58 ವರ್ಷ! ನಗಿಸುವುದರಲ್ಲಿ ಪಳಗಿದ ಬೀನೀ ಫೆಲ್ಡ್‌ಸ್ಟೀನ್ ಅವರಿಗೆ ಪಾತ್ರ ಸಿಕ್ಕಿತು. ಆ ಹಾಡುಗಳಿಗೆ ದನಿ ಸಾಲದು ಎಂದು ವಿಮರ್ಶಕರು ಬರೆದರು. ಜುಲೈ ಕೊನೆಗೆ ಅವರು ಹೊರನಡೆದರು, ಸೆಪ್ಟೆಂಬರಿನಲ್ಲಿ ಲೀಯ ಮಿಶೆಲ್ ಬಂದರು. ಈ ಗಲಾಟೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಮೂರನೆಯ ಹೆಸರಿನ ಮೇಲೆ. ನಡುವಿನ ಆಗಸ್ಟ್ ತಿಂಗಳನ್ನು ತುಂಬಿದವರು ಜೂಲಿ ಬೆಂಕೊ, ಅದುವರೆಗೆ ನೇಪಥ್ಯದಲ್ಲಿ ಬದಲಿಯಾಗಿ ಕಾದಿದ್ದವರು. ಹೆಸರು ನೋಡಿ ಬಂದವರಿಗೆ ಹಾಡು ಕೊಟ್ಟು ಕಳಿಸಿದರು. ಆಮೇಲೂ ವಾರಕ್ಕೊಂದು ಆಟ ಅವರದೆಂದು ಗೊತ್ತುಮಾಡಿದರು. ಆರಿಸುವವರ ಕಣ್ಣಿಗೆ ಮೊದಲು ಬೀಳದ ಇಂಥವರು ನಮ್ಮ ತಂಡಗಳಲ್ಲೂ ಇದ್ದಾರೆ. ಎಲ್ಲರ ಮಾತೂ ಎಲ್ಲರ ಹಾಡೂ ಬಾಯಿಪಾಠವಿದ್ದು, ಯಾರಿಗಾದರೂ ಜ್ವರ ಬಂದ ದಿನ ಮಾತ್ರ ಅವರಿಗೆ ಬಣ್ಣ.

ವಾದದಲ್ಲಿ ಯಾರೂ ಎತ್ತದ, ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವ ಸಂಗತಿ ಶ್ರುತಿಯದು. ಮೈಕಿಲ್ಲದ ಕಾಲದಲ್ಲಿ ಹಿಂದಿನ ಗ್ಯಾಲರಿಯಲ್ಲಿ ಕೂತವನಿಗೂ ಹಾಡು ಮುಟ್ಟಬೇಕಿತ್ತು. ಗಂಡಸರು ನಾಲ್ಕು, ಐದು ಮನೆ ಶ್ರುತಿಗೆ ಏರಿಸಿ ಹಾಡುತ್ತಿದ್ದದ್ದು ಅದಕ್ಕೇ. ಲೆಗ್ ಹಾರ್ಮೋನಿಯಂ ಗಟ್ಟಿಯಾಗಿ ನುಡಿಯುತ್ತಿತ್ತು, ಅದರ ಮೇಲೆ ದನಿ ತೇಲಬೇಕಿತ್ತು. ಈಗ ಹೆಚ್ಚಿನ ಗಂಡಸರಿಗೆ ಹಿತವಾದದ್ದು ಒಂದು, ಒಂದೂವರೆ ಮನೆಯ ಆಸುಪಾಸು. ಹಳೆಯ ಧ್ವನಿಮುದ್ರಿಕೆ ಕೇಳಿಸಿ ಅದೇ ಎತ್ತರಕ್ಕೆ ಹೊಸ ಹುಡುಗನನ್ನು ಏರಿಸಿದರೆ ಆತ ಮೂರನೆಯ ಸಾಲಿಗೇ ಕಿರುಚಲು ಶುರುಮಾಡುತ್ತಾನೆ. ‘ಕಂಠವಿಲ್ಲ’ ಎಂದು ಅವನನ್ನು ಕಳಿಸಿಬಿಡುತ್ತಾರೆ. ಕಂಠ ಚೆನ್ನಾಗಿಯೇ ಇತ್ತು, ಕೊಟ್ಟ ಶ್ರುತಿ ಅವನದಾಗಿರಲಿಲ್ಲ. ಎರಡು ಮನೆ ಇಳಿಸಿ ಹಾಡಿಸಿದರೆ ಮಟ್ಟು ಕೆಡುವುದಿಲ್ಲ, ರಾಗ ಕೆಡುವುದಿಲ್ಲ. ಈಗ ಕಾಲರ್ ಮೈಕ್ ಇರುವಾಗ ಗ್ಯಾಲರಿಯ ಭಯವೂ ಬೇಡ.

ಯುಗಳಗೀತೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಗಂಡಸರೇ ಎರಡೂ ಪಾತ್ರ ಮಾಡುತ್ತಿದ್ದಾಗ ಇಬ್ಬರ ಶ್ರುತಿಯೂ ಒಂದೇ. ನಟಿಯರು ಬಂದ ಮೇಲೂ ನಾಯಕನಟ ಎತ್ತರದಲ್ಲೇ ಹಾಡುತ್ತಿದ್ದುದರಿಂದ ಜೋಡಿ ಕೂಡುತ್ತಿತ್ತು. ಇವತ್ತು ಐದೂವರೆ ಮನೆಯ ಸದಾರಮೆಗೆ ಒಂದು ಮನೆಯ ಜಯವೀರನನ್ನು ಗಂಟುಹಾಕಿದರೆ ಪ್ರೇಮದ ಹಾಡಿನಲ್ಲಿ ಒಬ್ಬರು ನರಳುತ್ತಾರೆ, ಇಲ್ಲವೇ ಇನ್ನೊಬ್ಬರು ಗುನುಗುತ್ತಾರೆ. ಆದ್ದರಿಂದ ನಾಯಕನನ್ನು ಒಂದು ದಿನ, ನಾಯಕಿಯನ್ನು ಒಂದು ದಿನ ಬೇರೆಬೇರೆಯಾಗಿ ಆರಿಸುವ ಪದ್ಧತಿಯೇ ತಪ್ಪು. ಜೋಡಿಯಾಗಿ ನಿಲ್ಲಿಸಿ ಹಾಡಿಸಬೇಕು. ಸ್ವಲ್ಪ ತಗ್ಗಿನ, ಗಟ್ಟಿದನಿಯ ಹೆಣ್ಣುಮಗಳು, ಸ್ವಲ್ಪ ಎತ್ತರಕ್ಕೆ ಸಲೀಸಾಗಿ ಹೋಗುವ ಗಂಡು, ಇಬ್ಬರೂ ಮೂರು ನಾಲ್ಕು ಮನೆಯ ಹತ್ತಿರ ಸಿಕ್ಕರೆ ಆ ಜೋಡಿಗೆ ಬೇರೆ ಎಷ್ಟೋ ಕೊರತೆ ಮಾಫಿ. ಜನಪದ ಹಾಡುವವರಲ್ಲಿ ಇಂಥ ಹೆಣ್ಣುದನಿಗಳು ಬೇಕಾದಷ್ಟಿವೆ. ಆರಿಸುವವರು ಅತ್ತ ಹೋಗುವುದೇ ಕಡಿಮೆ.

ಗಾಯಕಿಯನ್ನೇ ತನ್ನಿ ಎಂದ ಗೆಳೆಯರಿಗೆ ನನ್ನ ಅಸಮ್ಮತಿ ಇಷ್ಟು: ಕಛೇರಿಯ ಹಾಡು ರಾಗವನ್ನು ಬೆಳೆಸಲು ಹೊರಡುತ್ತದೆ, ರಂಗದ ಹಾಡು ಎದುರಿಗೆ ನಿಂತ ಪಾತ್ರಕ್ಕೆ ಉತ್ತರ ಕೊಡಲು ಹೊರಡುತ್ತದೆ. ಮಾತಿನ ಕೊನೆಯ ಸಾಲಿನ ಅಡಿಗೇ ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ, ಸಿಟ್ಟಿನಿಂದ ನಡುಗುತ್ತಿರುವ ದನಿ ಹಾಗೆಯೇ ಹಾಡಿಗೆ ಏರಬೇಕು. ಕಣ್ಣು ಮುಚ್ಚಿ ಷಡ್ಜ ಹಿಡಿಯಲು ಅಲ್ಲಿ ಪುರಸೊತ್ತಿಲ್ಲ. ಬಿ.ವಿ. ಕಾರಂತರು ಇದನ್ನು ಬಲ್ಲವರು. ಹುಡುಗನಾಗಿ ಗುಬ್ಬಿ ಕಂಪನಿ ಸೇರಿ, ವೀರಣ್ಣನವರ ನೆರವಿನಿಂದ ಕಾಶಿಗೆ ಓದಲು ಹೋಗಿ, ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತವರು. ಅಷ್ಟೆಲ್ಲ ಶಾಸ್ತ್ರ ತಿಳಿದೂ ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ಕಟ್ಟುವಾಗ ಪಳಗಿದ ಗಾಯಕರ ಬೆನ್ನು ಹತ್ತಲಿಲ್ಲ. ಹಾಡು ಬಾರದು ಎಂದು ಹಿಂಜರಿಯುತ್ತಿದ್ದ ನಟರ ಬಾಯಲ್ಲಿ ಹಾಡಿಸಿದರು. ಆ ಹಾಡುಗಳು ನಾಟಕದ ಹೊರಗೂ ಉಳಿದಿವೆ.

ಇನ್ನು ದುಡ್ಡಿನ ಮಾತು. ಹೆಸರಾಂತ ಮುಖ ಜನ ತರುತ್ತದೆ, ಸುಳ್ಳಲ್ಲ. ಕಂಪನಿ ಮಾಲೀಕರೂ ನಟರ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಹಾಕಿಸುತ್ತಿದ್ದರು. ವರದಾಚಾರ್ಯರ ಹೆಸರಿಗೆ ಮೈಸೂರು ಸೀಮೆಯ ಜನ ಕಟ್ಟಿಕೊಂಡು ಬರುತ್ತಿದ್ದರು. ಬರುತ್ತಿದ್ದದ್ದು ಮಾತ್ರ ಅವರ ಹಾಡು ಕೇಳಲು. ಈಗ ಬೇರೆಡೆ ಗಳಿಸಿದ ಹೆಸರನ್ನು ತಂದು ನಿಲ್ಲಿಸಿ, ಹಾಡು ಬಾರದಿದ್ದರೆ ಮೊದಲೇ ಮುದ್ರಿಸಿದ ಟ್ರ್ಯಾಕ್ ಹಾಕುವ ರೂಢಿ ಬಂದಿದೆ. ಇದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಟ್ರ್ಯಾಕಿನ ಹಾಡಿಗೆ ‘ಒನ್ಸ್ ಮೋರ್’ ಇಲ್ಲ. ಜನ ಮೌನವಾಗಿ ಕೇಳುತ್ತಿದ್ದಾರೆ ಎಂದು ಒಂದು ಆಲಾಪವನ್ನು ಹಿಗ್ಗಿಸುವಂತಿಲ್ಲ, ಹಿಂದೆ ಪರದೆ ಸಿಕ್ಕಿಹಾಕಿಕೊಂಡರೆ ಒಂದು ಚರಣ ಹೆಚ್ಚಿಗೆ ಹಾಡಿ ಕಾಯುವಂತಿಲ್ಲ. ಹಾರ್ಮೋನಿಯಂ ಮೇಷ್ಟ್ರು ನಟನ ಮುಖ ನೋಡಿ ಹಿಂಬಾಲಿಸುವ ಕಸುಬೇ ಅಲ್ಲಿಗೆ ಮುಗಿಯುತ್ತದೆ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಇವತ್ತಿಗೂ ನಡೆಯುವ ‘ಕುರುಕ್ಷೇತ್ರ’ ನೋಡಿ. ಅಲ್ಲಿ ಪಾರ್ಟಿಗೆ ಹಣ ಕಟ್ಟುವ ಪದ್ಧತಿಯೇ ಇದೆ. ದುರ್ಯೋಧನ, ಕೃಷ್ಣರಿಗೆ ಹೆಚ್ಚು. ಪಾತ್ರ ಹಂಚುವುದರಲ್ಲಿ ಕಲೆಗಿಂತ ಕಾಸು ದೊಡ್ಡದಾಯಿತು ಎಂದು ಬೇಸರಪಡುವವರಿದ್ದಾರೆ, ಆ ಬೇಸರ ನನಗೂ ಇದೆ. ಆದರೂ ಹೊಲದ ಕೆಲಸ ಮುಗಿಸಿ, ಡ್ಯೂಟಿ ಮುಗಿಸಿ ಬಂದು ತಿಂಗಳುಗಟ್ಟಲೆ ನಾಟಕದ ಮೇಷ್ಟ್ರ ಮುಂದೆ ಕೂತು ಕಂದ, ಸೀಸ ಕಲಿತು, ರಾತ್ರಿಯಿಡೀ ಅವರೇ ಹಾಡುತ್ತಾರೆ. ಪಾರ್ಟು ಕೊಂಡವರೂ ಅಲ್ಲಿ ಬೇರೆಯವರ ಕಂಠವನ್ನು ಕೊಂಡಿಲ್ಲ. ನಗರದ ದೊಡ್ಡ ವೇದಿಕೆಗಳಿಂದ ನಾನು ಕೇಳುತ್ತಿರುವುದು ಇಷ್ಟನ್ನೇ.

ಮಲ್ಲಿಕಾರ್ಜುನ ಮನ್ಸೂರರಂಥವರೂ ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು. ಕಂಪನಿ ಎಂದರೆ ಆಗ ಪಾಠಶಾಲೆ. ಹತ್ತು ವರ್ಷದ ಹುಡುಗ ಬಾಲನಟನಾಗಿ ಸೇರಿ, ದನಿ ಒಡೆಯುವವರೆಗೆ ಒಂದು ಬಗೆಯ ಪಾತ್ರ, ಒಡೆದ ಮೇಲೆ ಇನ್ನೊಂದು ಬಗೆಯ ಪಾತ್ರ ಮಾಡುತ್ತ ಬೆಳೆಯುತ್ತಿದ್ದ. ಮಾಲೀಕನಿಗೆ ಪ್ರತಿಯೊಬ್ಬನ ಕಂಠವೂ ಗೊತ್ತಿತ್ತು. ನಾವು ಈಗ ಹಾಗೆ ಯಾರನ್ನೂ ಬೆಳೆಸುತ್ತಿಲ್ಲ. ನಾಟಕ ಗೊತ್ತಾದ ಮೇಲೆ ವಾರದಲ್ಲಿ ಆರಿಸಿ, ತಿಂಗಳಲ್ಲಿ ತಾಲೀಮು ಮುಗಿಸುತ್ತೇವೆ. ಮುಖ್ಯ ಪಾರ್ಟಿನ ಜಗಳ ಇಷ್ಟು ಕಾವೇರುವುದು ಆರಿಸಲು ತಯಾರಾದ ಜನ ಕಡಿಮೆಯಾದ್ದರಿಂದ. ನೀನಾಸಂ, ರಂಗಾಯಣದಂಥ ಕಡೆ ಕಲಿತು ಬಂದವರಲ್ಲಿ ಹಾಡುವವರಿದ್ದಾರೆ. ಆರ್. ಪರಮಶಿವನ್ ಅವರಂಥ ಹಿರಿಯರು ಕಂಪನಿ ಕಾಲದ ಮಟ್ಟುಗಳನ್ನು ಮುಂದಿನವರಿಗೆ ದಾಟಿಸಲು ಪಟ್ಟ ಪಾಡು ಸಣ್ಣದಲ್ಲ. ಅದನ್ನು ಮುಂದುವರಿಸಲು ಊರಿಗೊಬ್ಬ ಹಾರ್ಮೋನಿಯಂ ಮೇಷ್ಟ್ರಿಗೆ ಸಂಬಳ ಕೊಡುವ ವ್ಯವಸ್ಥೆ ಬೇಕು.

ಅಲ್ಲಿಯವರೆಗೆ, ಯಾರೇ ‘ಸದಾರಮೆ’ ಕಟ್ಟಲು ಹೊರಡಲಿ, ಹೆಸರು ಪ್ರಕಟಿಸುವ ಮೊದಲು ಬಂದವರಿಗೆಲ್ಲ ಒಂದು ಮಾತು, ಅದರ ಬೆನ್ನಿಗೇ ಒಂದು ಹಾಡು, ಮತ್ತೆ ಮಾತು ಕೊಟ್ಟು, ಅವರವರ ಶ್ರುತಿಯಲ್ಲೇ ಕೇಳಿಸಿಕೊಳ್ಳಲಿ. ಕಣ್ಣು ಕಟ್ಟಿಕೊಂಡು ಕೇಳಿಸಿಕೊಂಡರೂ ಆದೀತು. ನಮ್ಮ ಬಳಗದಲ್ಲಿ ಒಮ್ಮತ ಆಗಲಿಲ್ಲ. ಗಾಯಕಿಯ ಪರ, ಮನೆತನದ ಪರ ಬರೆದವರ ಲೇಖನಗಳೂ ಮುಂದಿನ ಪುಟಗಳಲ್ಲಿವೆ. ಕಂಪನಿ ನಾಟಕದ ಹಾಡುಗಳ ಮಟ್ಟು ಬಲ್ಲ ಓದುಗರು, ನಿಮ್ಮ ಮನೆಯ ಹಿರಿಯರು ಯಾವ ಮನೆ ಶ್ರುತಿಗೆ ಹಾಡುತ್ತಿದ್ದರು, ಯಾವ ರಾಗದಲ್ಲಿ ಹಾಡುತ್ತಿದ್ದರು ಎಂಬುದನ್ನು ಸಹಿತ ಬರೆದು ಕಳಿಸಿ. ಬಂದದ್ದನ್ನೆಲ್ಲ ಅಚ್ಚು ಹಾಕಲು ಪುಟ ತೆಗೆದಿಟ್ಟಿದ್ದೇವೆ.