ಪರನಾಡಾಗಿದ್ದ ನಮ್ಮ ರಾಜಧಾನಿ

ಗಜೇಂದ್ರಗಡದಿಂದ ಕೊಪ್ಪಳದ ಮೇಲೆ ಹಾಯ್ದು ಹಂಪಿಯನ್ನು ನೋಡಿಬರುವದು ಈಗ ಒಂದು ದಿನದ ಮಾತು. 1947ಕ್ಕೆ ಮೊದಲು ಇದೇ ಹಾದಿಯಲ್ಲಿ ಮೂರು ಆಳಿಕೆಗಳಿದ್ದವು. ರೋಣ, ನರಗುಂದ, ಗಜೇಂದ್ರಗಡಗಳು ಮುಂಬಯಿ ಪ್ರಾಂತದವು, ಕೊಪ್ಪಳವು ನಿಜಾಮನದು, ಹಂಪಿಯು ಮದ್ರಾಸಿನದು. ಕನ್ನಡಿಗನು ತನ್ನ ಪೂರ್ವಜರ ರಾಜಧಾನಿಯನ್ನೇ ಪರಸ್ಥಳದವನಂತೆ ಕಾಣಬೇಕಾಗಿತ್ತು.

ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು 1520ರ ಸುಮಾರಿಗೆ ಆ ನಗರವನ್ನು ಕಂಡು, ಅದು ರೋಮಿನಷ್ಟು ವಿಸ್ತಾರವಾಗಿದೆಯೆಂದು ಬರೆದನು. ಪರದೇಶಿಯ ಆ ಮೆಚ್ಚುಗೆಯನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ 1905ರಲ್ಲಿ ಹಾಳು ಹಂಪಿಯನ್ನು ಕಂಡ ಆಲೂರ ವೆಂಕಟರಾಯರು ಬರಿದೆ ಮೆಚ್ಚಿ ಮರಳಲಿಲ್ಲ. ಹರಿದ ಕನ್ನಡ ನಾಡನ್ನು ಕೂಡಿಸುವದನ್ನೇ ಬಾಳಿನ ಕಾರ್ಯವನ್ನಾಗಿ ಮಾಡಿಕೊಂಡರು. ನೋಟವೆಂದರೆ ಇದು!

1953ರಲ್ಲಿ ಬಳ್ಳಾರಿಯೂ, 1956ರಲ್ಲಿ ಧಾರವಾಡ, ರಾಯಚೂರುಗಳೂ ಮೈಸೂರನ್ನು ಕೂಡಿದವು. ಆ ಗಡಿಗಳು ಅಳಿದವು. ನಮ್ಮ ಮನದ ಪರಕೀಯತೆಯು ಅಳಿಯಿತೇ? ಕಲ್ಲಿನ ರಥದ ಮುಂದೆ ಚಿತ್ರ ತೆಗೆದುಕೊಂಡು, ಮಂಟಪದಲ್ಲಿ ಬುತ್ತಿಯುಂಡು, ಕಂಬದ ಮೇಲೆ ತಮ್ಮ ಹೆಸರನ್ನು ಗೀಚಿ ಬರುವವರು ನಮ್ಮವರಲ್ಲಿಯೂ ಇದ್ದಾರೆ. ಇವರು ಯಾವ ಪರದೇಶಿಗಿಂತ ಹತ್ತಿರದವರು?

ಶಿಕ್ಷಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಮಕ್ಕಳನ್ನು ಹಂಪಿಗೆ ಕರೆದೊಯ್ಯುವ ಮುನ್ನ ಈ ಹಾದಿಯ ಮೂರು ಆಳಿಕೆಗಳ ಕತೆಯನ್ನು ಹೇಳಿರಿ. ಅದನ್ನು ಅರಿತವನ ಕೈ ಆ ಕಲ್ಲನ್ನು ಗೀಚಲಾರದು.