ಮೂಲದವರು ಮತ್ತು ಹೋದವರು: ಸುಳ್ಯ–ಕೊಡಗು ಗೌಡ ಸಂಸ್ಕೃತಿಯ ಅಧ್ಯಯನದ ಒಂದು ತೊಡಕು

ಸಂಪಾಜೆ ಎಂಬ ಹೆಸರಿನ ಎರಡು ಗ್ರಾಮಗಳಿವೆ. ಒಂದು ದಕ್ಷಿಣ ಕನ್ನಡದ ಸುಳ್ಯ ತಾಲೂಕಿಗೂ ಇನ್ನೊಂದು ಕೊಡಗಿನ ಮಡಿಕೇರಿ ತಾಲೂಕಿಗೂ ಸೇರಿದೆ. ಎರಡೂ ಕಡೆ ಅರೆಭಾಷೆಯಾಡುವ ಗೌಡ ಕುಟುಂಬಗಳಿವೆ. ಮಾತು ಒಂದೇ, ಬಳಿಗಳು ಅವೇ, ನಂಟಸ್ತನವೂ ಬೆಳೆದುಕೊಂಡು ಬಂದಿದೆ. ಆದರೂ ಗಡಿಯಿಂದ ಎರಡು ದಿಕ್ಕಿಗೆ ದೂರ ಸರಿದಂತೆ ಬದುಕಿನ ರೀತಿಗಳು ಬೇರೆಯಾಗುತ್ತ ಹೋಗುತ್ತವೆ. ಈ ವ್ಯತ್ಯಾಸವನ್ನು ವಿವರಿಸುವಾಗ ನಮ್ಮ ಬರಹಗಳಲ್ಲಿ ಆಗಾಗ ಒಂದು ಮಾತು ನುಸುಳುತ್ತದೆ: ಸುಳ್ಯದ್ದು ಮೂಲ, ಕೊಡಗಿನದು ಅದರಿಂದ ಸರಿದುಹೋದ ರೂಪ. ಇದಕ್ಕೆ ವಿರುದ್ಧವಾದ ಮಾತೂ ಇದೆ: ಸುಳ್ಯದವರು ತುಳು ಪರಿಸರದಲ್ಲಿ ಕರಗಿದರು, ಸಂಪ್ರದಾಯ ಉಳಿದದ್ದು ಕೊಡಗಿನಲ್ಲಿ. ಈ ಎರಡೂ ಮಾತುಗಳು ಒಂದೇ ತಪ್ಪಿನ ಎರಡು ಮುಖಗಳೆಂಬುದು ನನ್ನ ವಾದ.

ಮೊದಲು ವ್ಯತ್ಯಾಸಗಳನ್ನೇ ನೋಡೋಣ. ಕೊಡಗಿನ ಗೌಡರ ವರ್ಷಚಕ್ರದಲ್ಲಿ ಕೈಲ್ ಮುಹೂರ್ತ ಮತ್ತು ಹುತ್ತರಿಗಳು ಪ್ರಧಾನವಾದವು. ಅಲ್ಲಿಯ ಮಹಿಳೆಯರು ನೆರಿಗೆಯನ್ನು ಹಿಂದಕ್ಕೆ ಮಾಡಿ ಸೀರೆ ಉಡುವ ಕೊಡಗಿನ ಕ್ರಮವನ್ನು ಅನುಸರಿಸುತ್ತಾರೆ. ಕುಟುಂಬದ ಮೂಲಮನೆಗೆ ಅಲ್ಲಿ ಐನ್‌ಮನೆ ಎಂಬ ಹೆಸರಿದೆ. 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭವಾದ ಮೇಲೆ ಕುಟುಂಬದ ಹೆಸರಿನಲ್ಲಿ ತಂಡ ಕಟ್ಟಿ ಆಡುವ ಪದ್ಧತಿ ಗೌಡರಲ್ಲಿಯೂ ಬೆಳೆಯಿತು. ಘಟ್ಟದ ಕೆಳಗೆ ಚಿತ್ರ ಬೇರೆ. ಸುಳ್ಯದ ಗೌಡರ ವರ್ಷಚಕ್ರ ಪತ್ತನಾಜೆ, ಆಟಿ, ಕೆಡ್ಡಸ, ಬಲೀಂದ್ರ ಪೂಜೆಗಳ ಮೂಲಕ ತಿರುಗುತ್ತದೆ. ಮೂಲಮನೆ ಇಲ್ಲಿ ತರವಾಡು ಮನೆ. ಅದರ ನಡುಮಧ್ಯದಲ್ಲಿ ದೈವಗಳ ಆರಾಧನೆ ಇದೆ. ಹೊಸ ಅಕ್ಕಿಯ ಊಟ ಎರಡೂ ಕಡೆ ಇದೆ. ಆದರೆ ಒಂದು ಕಡೆ ಅದು ನಾಡಿನ ಹಬ್ಬವಾಗಿ ಕದಿರು ತೆಗೆಯುವ ಸಮಾರಂಭವಾಗಿದ್ದರೆ, ಇನ್ನೊಂದು ಕಡೆ ಮನೆಯೊಳಗಿನ ಆಚರಣೆಯಾಗಿ ಉಳಿದಿದೆ.

ಪುತ್ತೂರು ಮತ್ತು 2018ರಲ್ಲಿ ಪ್ರತ್ಯೇಕ ತಾಲೂಕಾದ ಕಡಬದ ಕಡೆಗೆ ಬಂದರೆ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಅಲ್ಲಿಯ ಬಹುಪಾಲು ಗೌಡ ಮನೆಗಳಲ್ಲಿ ಆಡುವ ಮಾತು ತುಳು. ಅರೆಭಾಷೆಯ ‘ಉಟ್ಟು’, ‘ಹೈದ’, ‘ಗೂಡೆ’ ಎಂಬ ಪದಗಳು ಅವರ ಮನೆಯ ಪದಗಳಲ್ಲ. ಹಾಗಿದ್ದರೂ ಹತ್ತು ಕುಟುಂಬ ಹದಿನೆಂಟು ಗೋತ್ರದ ಲೆಕ್ಕ ಅವರಿಗೂ ತಮ್ಮದೇ ಲೆಕ್ಕ. ಸುಳ್ಯದಲ್ಲಿ ಸಿದ್ಧವೇಷವೆಂದು ಕರೆಯುವ ಕುಣಿತಕ್ಕೆ ಹತ್ತಿರವಾದುದು ತುಳು ಮನೆಮಾತಿನ ಗೌಡರಲ್ಲಿ ಪುರುಷ ವೇಷವಾಗಿ ಕಾಣಿಸಿಕೊಳ್ಳುತ್ತದೆ. ಭಾಷೆಯನ್ನೇ ಸಮುದಾಯದ ಗುರುತೆಂದು ಹಿಡಿದರೆ ಇವರು ಹೊರಗುಳಿಯುತ್ತಾರೆ. ಆಚರಣೆಯನ್ನು ಹಿಡಿದರೆ ಒಳಗೆ ಬರುತ್ತಾರೆ. ಅಳತೆಗೋಲು ಬದಲಾದಂತೆ ಸಮುದಾಯದ ಗಡಿಯೂ ಬದಲಾಗುವುದಾದರೆ, ದೋಷ ಸಮುದಾಯದಲ್ಲಿಲ್ಲ, ಅಳತೆಗೋಲಿನಲ್ಲಿದೆ.

ಇಂಥದೇ ಪ್ರಶ್ನೆ ಸ್ಕಾಟ್ಲೆಂಡಿನವರ ಮತ್ತು ಸ್ಕಾಟಿಷ್ ಮೂಲದ ಅಮೆರಿಕನ್ನರ ನಡುವೆಯೂ ಇದೆ. ಅಮೆರಿಕದ ಉತ್ತರ ಕೆರೊಲಿನಾದ ಗ್ರ್ಯಾಂಡ್‌ಫಾದರ್ ಬೆಟ್ಟದಲ್ಲಿ 1956ರಿಂದ ಹೈಲ್ಯಾಂಡ್ ಕ್ರೀಡೋತ್ಸವ ನಡೆಯುತ್ತ ಬಂದಿದೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಕುಲದ ಟಾರ್ಟನ್ ಪಟ್ಟೆಯ ಬಟ್ಟೆ ತೊಟ್ಟು ಕುಲದ ಡೇರೆಯ ಮುಂದೆ ಸೇರುತ್ತಾರೆ. 1998ರಲ್ಲಿ ಅಮೆರಿಕದ ಸೆನೆಟ್ ಏಪ್ರಿಲ್ 6ನ್ನು ಟಾರ್ಟನ್ ದಿನವೆಂದು ಗುರುತಿಸಿತು. 1320ರ ಅರ್ಬ್ರೋತ್ ಘೋಷಣೆಯ ದಿನ ಅದು. ಸ್ಕಾಟ್ಲೆಂಡಿನಲ್ಲಿ ಬದುಕುವವರಿಗೆ ತಾವು ಸ್ಕಾಟರೆಂದು ತೋರಿಸಲು ಇಷ್ಟೊಂದು ಚಿಹ್ನೆಗಳ ಅಗತ್ಯವಿಲ್ಲ. ಅವರ ಶಾಲೆ, ನ್ಯಾಯಾಲಯ, 1999ರಲ್ಲಿ ಮತ್ತೆ ಆರಂಭವಾದ ಸಂಸತ್ತು, ನಿತ್ಯದ ಮಾತಿನ ಧಾಟಿ, ಇವೇ ಸಾಕು. ಅಲ್ಲಿ ‘ನಾನು ಸ್ಕಾಟ್’ ಎಂದರೆ ‘ನಾನು ಈ ನೆಲದಲ್ಲಿ ಇದ್ದೇನೆ’ ಎಂದರ್ಥ. ಅಮೆರಿಕದಲ್ಲಿ ಅದೇ ಮಾತಿಗೆ ‘ನನ್ನ ಹಿರಿಯರು ಅಲ್ಲಿಂದ ಬಂದರು’ ಎಂಬ ಅರ್ಥ.

ಈ ಭೇದವನ್ನು ನೋಡಿದ ಕೂಡಲೇ ಅಮೆರಿಕದವರದು ಕೃತಕ, ಸ್ಕಾಟ್ಲೆಂಡಿನವರದು ಸಹಜ ಎಂದು ತೀರ್ಮಾನಿಸುವುದು ಸುಲಭ. ಆದರೆ ಚರಿತ್ರೆ ಆ ತೀರ್ಮಾನಕ್ಕೆ ಒಪ್ಪುವುದಿಲ್ಲ. ಹೈಲ್ಯಾಂಡ್ ಉಡುಪನ್ನು 1746ರ ಕಾನೂನು ನಿಷೇಧಿಸಿತ್ತು. ಆ ನಿಷೇಧ ರದ್ದಾದದ್ದು 1782ರಲ್ಲಿ. ಕುಲಕ್ಕೊಂದು ಟಾರ್ಟನ್ ಎಂಬ ಕ್ರಮ ಗಟ್ಟಿಯಾದದ್ದು 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಭೇಟಿಯಿತ್ತ ಕಾಲದ ಸಂಭ್ರಮದಲ್ಲಿ ಮತ್ತು ಅದರ ಅನಂತರ. ಆ ಭೇಟಿಯ ವೈಭವವನ್ನು ರೂಪಿಸಿದವನು ಕಾದಂಬರಿಕಾರ ವಾಲ್ಟರ್ ಸ್ಕಾಟ್. ಎಂದರೆ ಈ ಚಿಹ್ನೆಯನ್ನು ಕಟ್ಟಿದವರು ಮೂಲನೆಲದಲ್ಲಿಯೇ ಇದ್ದರು. ಇನ್ನೊಂದು ಕಡೆ, ಕೆನಡಾದ ಕೇಪ್ ಬ್ರೆಟನ್ ದ್ವೀಪಕ್ಕೆ ವಲಸೆ ಹೋದ ಹೈಲ್ಯಾಂಡಿನವರು ಉಳಿಸಿಕೊಂಡ ಪಿಟೀಲಿನ ಶೈಲಿಯನ್ನೂ ಹೆಜ್ಜೆಕುಣಿತವನ್ನೂ ಸ್ಕಾಟ್ಲೆಂಡಿನವರೇ ಇತ್ತೀಚಿನ ದಶಕಗಳಲ್ಲಿ ಅವರಿಂದ ಮರಳಿ ಕಲಿತರು. ಮೂಲದಲ್ಲಿ ಇರುವವರು ಹೊಸದನ್ನು ಕಟ್ಟಬಲ್ಲರು, ಹೋದವರು ಹಳೆಯದನ್ನು ಉಳಿಸಬಲ್ಲರು. ಇದರ ವಿಪರ್ಯಯವೂ ನಿಜ.

ಈ ನಿದರ್ಶನವನ್ನು ನಮ್ಮ ಸಂದರ್ಭಕ್ಕೆ ಹಾಗೆಯೇ ಹೊಂದಿಸಲಾಗದು. ಅಟ್ಲಾಂಟಿಕ್ ಸಾಗರಕ್ಕೂ ಸಂಪಾಜೆ ಘಾಟಿಗೂ ಹೋಲಿಕೆಯಿಲ್ಲ. 1834ರವರೆಗೆ ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೊಡಗಿನ ಹಾಲೇರಿ ಅರಸರ ಆಳ್ವಿಕೆಯಲ್ಲಿದ್ದವು. ಘಟ್ಟ ಹತ್ತಿ ಕೊಡಗಿನಲ್ಲಿ ನೆಲೆಸಿದ ಕುಟುಂಬಗಳು ಪರದೇಶಕ್ಕೆ ಹೋದುದಲ್ಲ. ಒಂದೇ ಅರಸೊತ್ತಿಗೆಯ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋದವು. ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪೆನಿ ಸರಕಾರ ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದಾಗ ಜನ ಕದಲದೆಯೇ ಗಡಿ ಕದಲಿತು. ‘ಹೋದವರು’ ಎಂಬ ಪಟ್ಟವನ್ನು ಕೊಡಗಿನವರಿಗೆ ಕೊಟ್ಟದ್ದು ವಲಸೆಗಿಂತ ಹೆಚ್ಚಾಗಿ ಈ ಗಡಿ.

1837ರ ಬಂಡಾಯದ ನೆನಪು ಇದಕ್ಕೆ ಒಳ್ಳೆಯ ಸಾಕ್ಷಿ. ಧಾನ್ಯರೂಪದ ಕಂದಾಯವನ್ನು ಕಂಪೆನಿ ಹಣರೂಪಕ್ಕೆ ಬದಲಾಯಿಸಿದ್ದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಪೂಮಲೆಯಲ್ಲಿ ಸೇರಿದ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಬಂಟ್ವಾಳಗಳನ್ನು ದಾಟಿ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದರು. 13 ದಿನ ಅಲ್ಲಿ ಅವರ ಆಡಳಿತವಿತ್ತು. ಸುಳ್ಯದ ಕಡೆ ಈ ನೆನಪಿನ ಕೇಂದ್ರದಲ್ಲಿ ಕೆದಂಬಾಡಿ ರಾಮಯ್ಯ ಗೌಡರಿದ್ದಾರೆ. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು. ಕೊಡಗಿನ ಕಡೆ ಕೇಂದ್ರದಲ್ಲಿರುವವರು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರು. ತುಳು ಜನರ ಬಾಯಲ್ಲಿ ಇದೇ ಬಂಡಾಯ ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೀನಾಯದ ಹೆಸರಿನಲ್ಲಿತ್ತು. ಇಂದಿನ ಕಡಬ ತಾಲೂಕಿಗೆ ಸೇರುವ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯನ್ನು ಬರೆದು ಆ ನೋಟವನ್ನು ತಿರುಗಿಸಿದರು. ಘಟನೆ ಒಂದು, ನೆನಪುಗಳು ಮೂರು. ಇವುಗಳಲ್ಲಿ ಯಾವುದು ಮೂಲ ಎಂದು ಕೇಳುವುದಕ್ಕಿಂತ, ಯಾರು ಯಾವ ಅಗತ್ಯದಿಂದ ಹೀಗೆ ನೆನೆದರು ಎಂದು ಕೇಳುವುದರಿಂದ ಹೆಚ್ಚು ತಿಳಿಯುತ್ತದೆ.

ಇನ್ನೂ ಒಂದು ಮಾತಿದೆ. ಸುಳ್ಯವನ್ನು ಮೂಲವೆಂದು ಕರೆಯುವವರು ಸುಳ್ಯದ ಗೌಡರ ಐತಿಹ್ಯವನ್ನೇ ಮರೆಯುತ್ತಾರೆ. ತಮ್ಮ ಹಿರಿಯರು ಘಟ್ಟದ ಮೇಲಿನ ಐಗೂರು ಸೀಮೆಯಿಂದ ಇಳಿದು ಬಂದರೆಂಬುದು ಅವರ ನಂಬಿಕೆ. ಆ ಐತಿಹ್ಯದ ಪ್ರಕಾರ ಸುಳ್ಯದವರೂ ಹೋದವರೇ. ಕೊಡಗಿನವರಿಗೆ ಮೂಲವಾದ ಊರು ಐಗೂರಿನ ಮಟ್ಟಿಗೆ ಕವಲು. ಬೆಂಗಳೂರಿಗೂ ವಿದೇಶಗಳಿಗೂ ಹೋದ ಇಂದಿನ ತಲೆಮಾರಿಗೆ ನಾಳೆ ಮಡಿಕೇರಿಯೂ ಸುಳ್ಯವೂ ಸಮನಾಗಿ ಮೂಲವಾಗುತ್ತವೆ. ಮೂಲವೆಂಬುದು ನೆಲದಲ್ಲಿ ನೆಟ್ಟ ಗಡಿಕಲ್ಲಲ್ಲ. ಹೊರಟವನು ಹಿಂದಿರುಗಿ ನೋಡುವ ದಿಕ್ಕು ಮಾತ್ರ.

ಇದು ಕೇವಲ ತಾತ್ತ್ವಿಕ ಚರ್ಚೆಯಲ್ಲ. ಗೌಡ ಕನ್ನಡದ ಭಾಷಾವೈಜ್ಞಾನಿಕ ವಿವರಣೆಗೆ ಭದ್ರವಾದ ತಳಹದಿ ಹಾಕಿದ ಕೋಡಿ ಕುಶಾಲಪ್ಪ ಗೌಡರ ಗ್ರಂಥ 1970ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. 2011ರಲ್ಲಿ ಮಡಿಕೇರಿಯನ್ನು ಕೇಂದ್ರವಾಗಿಟ್ಟುಕೊಂಡು ಕರ್ನಾಟಕ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ಆಡುಮಾತು ಬರಹಕ್ಕೆ ಇಳಿಯುವಾಗ ಪ್ರಮಾಣೀಕರಣದ ಒತ್ತಡ ಬಂದೇ ಬರುತ್ತದೆ. ಯಾವ ಊರಿನ ರೂಪ ನಿಘಂಟಿನ ಮೊದಲ ರೂಪವಾಗಬೇಕು, ಯಾವ ಮದುವೆಯ ಕ್ರಮ ‘ಗೌಡ ಮದುವೆ’ಯೆಂದು ಪುಸ್ತಕಕ್ಕೆ ಏರಬೇಕು ಎಂಬ ನಿರ್ಣಯಗಳು ನಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನೇ ಆಧರಿಸುತ್ತವೆ. ಆ ಟಿಪ್ಪಣಿಗಳು ‘ಮೂಲ’, ‘ಮಿಶ್ರ’, ‘ಕಲಬೆರಕೆ’ ಎಂಬ ವಿಶೇಷಣಗಳನ್ನು ಹೊತ್ತಿದ್ದರೆ ಒಂದು ರೂಪ ಗೆಲ್ಲುತ್ತದೆ, ಉಳಿದವು ಅಡಿಟಿಪ್ಪಣಿಗಳಾಗುತ್ತವೆ. ಕಡಬದ ತುಳು ಮನೆಮಾತಿನ ಗೌಡರಂಥವರಿಗೆ ಅಡಿಟಿಪ್ಪಣಿಯಲ್ಲೂ ಜಾಗ ಸಿಗದೆ ಹೋಗಬಹುದು.

ಆದ್ದರಿಂದ ಸಂಶೋಧಕ ಮಿತ್ರರಲ್ಲಿ ಮೂರು ವಿನಂತಿಗಳಿವೆ. ಒಂದು, ಪದವಾಗಲಿ ಆಚರಣೆಯಾಗಲಿ ದಾಖಲಾಗುವಾಗ ಗ್ರಾಮದ ಹೆಸರಿನೊಂದಿಗೆ ಆ ಕುಟುಂಬದ ವಲಸೆಯ ನೆನಪೂ ದಾಖಲಾಗಲಿ. ಎರಡು, ವ್ಯತ್ಯಾಸ ಕಂಡಲ್ಲಿ ‘ಪ್ರಭಾವ’ ಎಂದು ಬರೆದು ಕೈತೊಳೆದುಕೊಳ್ಳದೆ, ಅದನ್ನು ಆ ಜನ ಏಕೆ ಆಯ್ದುಕೊಂಡರೆಂದು ಕೇಳೋಣ. ಕೊಡವ ನೆರೆಯಲ್ಲಿ ಹುತ್ತರಿಯನ್ನೂ ತುಳು ನೆರೆಯಲ್ಲಿ ಕೋಲವನ್ನೂ ತಮ್ಮದಾಗಿಸಿಕೊಂಡದ್ದು ದೌರ್ಬಲ್ಯವಲ್ಲ, ಬದುಕಿನ ವಿವೇಕ. ಮೂರು, ಅಧ್ಯಯನದ ವ್ಯಾಪ್ತಿಯನ್ನು ಜಿಲ್ಲೆಯ ಗಡಿಗೆ ಕಟ್ಟಿಹಾಕದಿರೋಣ. ಎರಡೂ ಜಿಲ್ಲೆಗಳು ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದಾಗ ಇದು ಸುಲಭವಿತ್ತು. 2023ರಲ್ಲಿ ಕೊಡಗಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯ ಬಂದಿತು. ಆಡಳಿತದ ವ್ಯವಸ್ಥೆ ಮುಂದೆ ಯಾವ ರೂಪ ತಾಳಿದರೂ ಸಂಶೋಧನೆ 1834ರ ಗಡಿಯನ್ನು ಮತ್ತೊಮ್ಮೆ ಎಳೆಯಬೇಕಾಗಿಲ್ಲ.

ತರವಾಡು ಮನೆಯ ಹಿರಿಯರೂ ಐನ್‌ಮನೆಯ ಹಿರಿಯರೂ ತಮ್ಮ ಕುಟುಂಬದ ಕಥೆಯನ್ನು ಹೇಳುವಾಗ ಘಟ್ಟವನ್ನು ಒಮ್ಮೆಯಾದರೂ ದಾಟುತ್ತಾರೆ. ಆ ಕಥೆಯನ್ನು ಬಾಯಿಂದ ಕೇಳಬಲ್ಲ ತಲೆಮಾರು ಕಡಿಮೆಯಾಗುತ್ತಿದೆ. ಯಾರದು ಶುದ್ಧ ಎಂದು ತೀರ್ಪು ಕೊಡುವುದಕ್ಕೆ ಮೊದಲು ಎರಡೂ ಕಡೆಯ ಕಥೆಗಳನ್ನು ಪೂರ್ತಿಯಾಗಿ ಕೇಳಿ ಬರೆದಿಡುವುದು ಇಂದಿನ ತುರ್ತು.